ಮೇಣ ಕಾಣದ ಸುರುಳಿ

ವೇದಿಕೆಯ ಮೇಲೆ ಅಕ್ಕನ ಮುಖ ಹೇಗಿರುತ್ತಿತ್ತು ಎಂದು ನನ್ನನ್ನು ಕೇಳಬೇಡಿ. ನಾನು ಡ್ರಮ್ ಬಾರಿಸುವವನು. ಅಷ್ಟೂ ವರ್ಷ ನಾನು ನೋಡಿದ್ದು ಅವಳ ಬೆನ್ನನ್ನು, ಎಡ ಭುಜವನ್ನು, ತಾಳಕ್ಕೆ ಏಳುತ್ತಿದ್ದ ಬಲಗಾಲಿನ ಹಿಮ್ಮಡಿಯನ್ನು. ಹಿಮ್ಮಡಿ ಎದ್ದಿತೆಂದರೆ ಅವಳು ಮುಂದಿನ ಸುತ್ತಿಗೆ ಹೋಗುತ್ತಾಳೆ, ಭುಜ ಇಳಿಯಿತೆಂದರೆ ಹಾಡು ಮುಗಿಸುತ್ತಾಳೆ. ಎಡಗೈ ಗಿಟಾರಿನ ಕತ್ತು ಬಿಟ್ಟು ಮೇಲೆದ್ದರೆ ಮಾತ್ರ ಬೇರೆಯೇ ಲೆಕ್ಕ. ಆಗ ನಾನು ಕೋಲು ಇಳಿಸಿ ತೆಪ್ಪಗಾಗಬೇಕು, ಬೇಸ್ ಗಿಟಾರಿನವನೂ ಸುಮ್ಮನಾಗಬೇಕು, ಇಡೀ ಸಭಾಂಗಣ ಬಾಯಿಗೆ ಬೀಗ ಹಾಕಿಕೊಂಡಂತೆ ಕೂರಬೇಕು. ಅವಳು ಏನೋ ಆಲಿಸುತ್ತ ನಿಲ್ಲುತ್ತಿದ್ದಳು. ಆಮೇಲೆ, ಯಾರೂ ಎಣಿಕೆ ಕೊಡದೆಯೇ, ಒಂದು ಸ್ವರಕ್ಕೆ ಕೈ ಹಾಕುತ್ತಿದ್ದಳು. ಆ ಒಂದು ಸ್ವರಕ್ಕಾಗಿಯೇ ಜನ ದೂರದೂರದಿಂದ ಬರುತ್ತಿದ್ದರು.

ಎಲ್ಲರೂ ಅವಳನ್ನು ‘ತಂತಿ ಅಕ್ಕ’ ಎನ್ನುತ್ತಿದ್ದರು. ಕೇಳಲು ಬರುವವರು ಅದು ಗಿಟಾರಿನ ತಂತಿ ಎಂದುಕೊಂಡಿದ್ದರು. ಆದರೆ ಆ ಹೆಸರು ಬಂದದ್ದು ನಮ್ಮ ಅಂಗಡಿಯಿಂದ. ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ ಅಪ್ಪನದು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ನೀರೆತ್ತುವ ಪಂಪು, ಹಿಟ್ಟಿನ ಗಿರಣಿಯ ಮೋಟಾರು, ಗೊರಗೊರ ಎನ್ನುವ ಟೇಬಲ್ ಫ್ಯಾನು, ಎಲ್ಲ ಬಾಗಿಲಲ್ಲೇ ಸಾಲುಗಟ್ಟಿರುತ್ತಿದ್ದವು. ವಾರ್ನಿಷ್ ವಾಸನೆ ನಮ್ಮ ಹಾಸಿಗೆಯವರೆಗೂ ಬರುತ್ತಿತ್ತು. ಅಕ್ಕ ಶಾಲೆ ಬಿಟ್ಟ ಮೇಲೆ ಅಪ್ಪನ ಪಕ್ಕದಲ್ಲೇ ಕೆಲಸಕ್ಕೆ ಕೂತಳು. ನನ್ನ ಕೈಗೆ ಆ ಕೆಲಸ ಹತ್ತಲಿಲ್ಲ. ಡಬ್ಬ ಬಡಿಯುವುದೊಂದೇ ನನಗೆ ಬರುತ್ತಿತ್ತು; ಅದನ್ನೇ ಬದುಕು ಮಾಡಿಕೊಂಡೆ.

ಅಪ್ಪ ತಂತಿ ಸುತ್ತುವಾಗ ಸುತ್ತುಗಳನ್ನು ಬಾಯಲ್ಲೇ ಎಣಿಸುತ್ತಿದ್ದರು. ಗುನುಗಿದ ಹಾಗೆ, ತುಟಿ ಅಷ್ಟೇ ಅಲುಗಿದ ಹಾಗೆ. ನೂರಾದಾಗ ಒಂದು ವಾಷರನ್ನು ಈ ಡಬ್ಬಿಯಿಂದ ತೆಗೆದು ಆ ಡಬ್ಬಿಗೆ ಹಾಕುವರು. ‘ಟಿಣ್’ ಎಂದು ಸದ್ದಾಗುತ್ತಿತ್ತು. ಮತ್ತೆ ಒಂದರಿಂದ ಶುರು. ಅವರು ಎಣಿಸುವಾಗ ಮನೆಯಲ್ಲಿ ಯಾರೂ ಮಾತಾಡಿಸುವಂತಿರಲಿಲ್ಲ. ತಪ್ಪಿ ಯಾರಾದರೂ ಕರೆದರೆ ಅವರು ಎಡಗೈ ಮೇಲೆತ್ತುತ್ತಿದ್ದರು, ಅಂದರೆ ತಡೆ. ಅದನ್ನೂ ಮೀರಿ ಮಾತಾಡಿಸಿ ಲೆಕ್ಕ ತಪ್ಪಿಸಿದರೆ ಮುಗಿಯಿತು. ಸುತ್ತಿದ್ದನ್ನೆಲ್ಲ ಬಿಚ್ಚಿ ಮೊದಲಿಂದ ಸುತ್ತುವರು, ಆವತ್ತೆಲ್ಲ ನಮ್ಮ ಮುಖ ನೋಡುತ್ತಿರಲಿಲ್ಲ.

ಅಕ್ಕನ ಹಳೆಯ ಗಿಟಾರಿನ ಪಿಕಪ್ ಒಮ್ಮೆ ಸತ್ತುಹೋಯಿತು. ಪಿಕಪ್ ಎಂದರೆ ತಂತಿಗಳ ಕೆಳಗೆ ಕೂತಿರುವ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸುರುಳಿ. ತಂತಿಯ ನಡುಕವನ್ನು ಹಿಡಿದು ಆಂಪ್ಲಿಫೈಯರಿಗೆ ಕೊಡುವುದು ಅದೇ. ಅಕ್ಕ ಅದನ್ನು ಬಿಚ್ಚಿ ಅಪ್ಪನ ಮುಂದೆ ಇಟ್ಟಳು. ಅಪ್ಪ ಕನ್ನಡಕ ಏರಿಸಿ ತಿರುಗಿಸಿ ನೋಡಿದರು.

“ಅಯ್ಯೋ, ಇದು ನಮ್ಮ ಮೋಟಾರಿನ ತಂಗೀನೇ ಕಣೆ. ತಿರುಗಲ್ಲ, ಹಾಡುತ್ತೆ ಅಷ್ಟೇ. ಬಿಡು, ನಾನೇ ಸುತ್ತಿಕೊಡ್ತೀನಿ.”

ಅವರು ಅದನ್ನು ಸುತ್ತುತ್ತಿದ್ದ ದಿನ ಮಧ್ಯಾಹ್ನ ಅಮ್ಮ ನಡುಬಾಗಿಲಲ್ಲಿ ನಿಂತು ಊಟಕ್ಕೆ ಕರೆದಳು. ಅಪ್ಪ ತಲೆಯೆತ್ತದೆ ಎಡಗೈ ಮೇಲೆತ್ತಿದರು. ಅಮ್ಮ ಒಳಗೆ ಹೋದಳು. ಅಕ್ಕ ಎದುರಿನ ಮೇಜಿನಲ್ಲೇ ಫ್ಯಾನು ಬಿಚ್ಚುತ್ತ ಕೂತಿದ್ದಳು. ಆ ಕೈ ನಿಧಾನವಾಗಿ ಇಳಿದದ್ದನ್ನೂ ನೋಡಿದಳು, ಎಣಿಸುತ್ತಿದ್ದಾರೆ ಎಂದೇ ತಿಳಿದಳು. ಬಡಿಸಿಟ್ಟದ್ದು ತಣ್ಣಗಾದ ಮೇಲೆ ಅಮ್ಮ ಮತ್ತೆ ಬಂದು ನೋಡಿದರೆ ಅಪ್ಪ ಮೇಜಿನ ಮೇಲೆ ತಲೆಯಿಟ್ಟಿದ್ದರು. ಹೃದಯ ನಿಂತುಹೋಗಿತ್ತು. ಬೆರಳ ನಡುವೆ ತಂತಿ ಇನ್ನೂ ಇತ್ತು. ಬಂದ ನೆಂಟರು, ಅಕ್ಕಪಕ್ಕದವರು ಅಂಗಡಿ ಗುಡಿಸಿ ಒಪ್ಪ ಮಾಡುವ ಉತ್ಸಾಹದಲ್ಲಿ ಎರಡೂ ಡಬ್ಬಿಯ ವಾಷರುಗಳನ್ನು ಒಂದೇ ಕಡೆ ಸುರಿದುಬಿಟ್ಟರು. ಅಪ್ಪ ಎಷ್ಟು ಸುತ್ತಿದ್ದರು, ಇನ್ನೆಷ್ಟು ಬಾಕಿ ಇತ್ತು ಎಂಬುದು ಅಲ್ಲಿಗೇ ಹೋಯಿತು.

ಕೆಲವು ವಾರ ಕಳೆದ ಮೇಲೆ ಅಕ್ಕ ಉಳಿದದ್ದನ್ನು ಅಂದಾಜಿನಲ್ಲಿ ಸುತ್ತಿ ಮುಗಿಸಿದಳು. ಅಪ್ಪನ ತಂತಿಯ ತುದಿಗೆ ತನ್ನ ತಂತಿಯನ್ನು ಬೆಸುಗೆ ಹಾಕಿದಳು. ಇಂಥ ಸುರುಳಿಯನ್ನು ಕೊನೆಗೆ ಕಾದ ಮೇಣದಲ್ಲಿ ಅದ್ದಬೇಕು. ಆಗ ಸುತ್ತುಗಳು ಒಂದಕ್ಕೊಂದು ಅಂಟಿ ಅಲುಗುವುದಿಲ್ಲ. ಅದ್ದದಿದ್ದರೆ ಸುರುಳಿ ಸುತ್ತಲಿನ ಸದ್ದನ್ನೆಲ್ಲ ಹಿಡಿಯುತ್ತದೆ: ಅಂಗಿಯ ಗುಂಡಿ ತಾಗಿದ್ದು, ಉಸಿರು, ಹತ್ತಿರ ಆಡಿದ ಮಾತು. ಅಕ್ಕ ಮೇಣ ಕಾಯಿಸಿದಳು. ಸುರುಳಿಯನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನಿಂತಳು. ಆಮೇಲೆ ಒಲೆ ಆರಿಸಿದಳು.

“ಅದ್ದಲ್ವಾ?” ಎಂದೆ.

“ಅಪ್ಪನ ಕೈ ತಾಗಿರೋದು ಕಣೋ. ಬಿಸಿ ಮೇಣಕ್ಕೆ ಹಾಕಕ್ಕೆ ಮನಸ್ಸು ಬರ್ತಿಲ್ಲ.”

ನಮ್ಮ ಬ್ಯಾಂಡು ಅಭ್ಯಾಸ ಮಾಡುತ್ತಿದ್ದದ್ದು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಕೆಳಗೆ ರಬ್ಬರಿನ ವಾಸನೆ, ಮೇಲೆ ಗೋಡೆಗೆ ಮೊಳೆ ಹೊಡೆದ ಹಳೆಯ ಕಂಬಳಿಗಳು. ಬೇಸ್ ಗಿಟಾರಿನವನನ್ನು ಗಡ್ಡ ಎನ್ನುತ್ತಿದ್ದೆವು. ಅವನು ಗಡ್ಡ ಬೋಳಿಸಿ ಎಷ್ಟೋ ಕಾಲವಾಗಿತ್ತು, ಹೆಸರು ಮಾತ್ರ ಉದುರಲಿಲ್ಲ. ಹೊಸ ಪಿಕಪ್ ಹಾಕಿ ಅಕ್ಕ ಮೊದಲ ಸಲ ನುಡಿಸಿದ ದಿನ, ಒಂದು ಹಾಡಿನ ನಡುವೆ ತಂತಿ ಸಡಿಲವಾಯಿತೆಂದು ನಿಲ್ಲಿಸಿದಳು. ಎಲ್ಲರೂ ಸುಮ್ಮನಾದೆವು. ಆಂಪ್ಲಿಫೈಯರಿನಿಂದ ಗುಂಯ್ ಎನ್ನುವ ಸದ್ದಿನ ಅಡಿಯಲ್ಲಿ ಇನ್ನೇನೋ ಕೇಳಿಸಿತು, ಪಕ್ಕದ ಮನೆಯಲ್ಲಿ ಯಾರೋ ಪಿಸುಗುಟ್ಟಿದ ಹಾಗೆ.

“ರೇಡಿಯೋ ಹಿಡೀತಿದೆ,” ಎಂದ ಗಡ್ಡ. “ನಮ್ಮ ಆಂಪೂ ಹಾಗೇ ಮಾಡುತ್ತೆ. ಒಂದ್ಸಲ ಇಡೀ ಹವಾಮಾನ ವರದಿ ಬಂದಿತ್ತು.”

ಅಕ್ಕ ಎಡಗೈ ಮೇಲೆತ್ತಿದಳು. ಅವಳು ಹಾಗೆ ಕೈ ಎತ್ತಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ತೊಂಬತ್ತಾರು. ತೊಂಬತ್ತೇಳು. ತೊಂಬತ್ತೆಂಟು.

ನೂರಾಯಿತು. ‘ಟಿಣ್’ ಎಂದಿತು.

ಅದೇ ಕ್ಷಣಕ್ಕೆ ಅಕ್ಕ ತಂತಿ ಮೀಟಿದಳು. ಯಾಕೆ ಮೀಟಿದೆ ಎಂದು ಆಮೇಲೆ ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಆ ಸ್ವರ ಕೇಳಿ ಗಡ್ಡ ತನ್ನ ಗಿಟಾರನ್ನು ಮೆಲ್ಲಗೆ ಕುರ್ಚಿಗೆ ಒರಗಿಸಿಟ್ಟ. “ನಾನು ಸ್ವಲ್ಪ ಕೆಳಗೆ ಹೋಗಿ ಬರ್ತೀನಿ,” ಎಂದು ಹೋದವನು ಆವತ್ತು ಮತ್ತೆ ಮೇಲೆ ಬರಲಿಲ್ಲ. ಪುಣ್ಯಕ್ಕೆ ಮರುದಿನ ಬಂದ. ಅವನಿಗೆ ಅಂಕಿಗಳು ಕೇಳಿಸಿರಲಿಲ್ಲ, ‘ಟಿಣ್’ ಮಾತ್ರ ಕೇಳಿಸಿತ್ತು. ಅದಷ್ಟೇ ಅವನಿಗೆ ಸಾಕಾಗಿತ್ತು.

ಮುಂದಿನ ವರ್ಷಗಳಲ್ಲಿ ನಾನು ಕಂಡುಕೊಂಡದ್ದು ಇದು: ಅಂಕಿ ಕೇಳಿಸುತ್ತಿದ್ದದ್ದು ನಮ್ಮ ಮನೆಯವರಿಗೆ ಮಾತ್ರ. ಮಿಕ್ಕವರಿಗೆ ಏನೋ ಒಂದು ಗುನುಗು, ಕೆಲವರಿಗೆ ಅದೂ ಇಲ್ಲ. ಕತ್ತಿನ ಹಿಂದೆ ಯಾರೋ ನಿಂತಂತೆ ಅನಿಸುವುದಷ್ಟೇ. ಆ ಎಣಿಕೆಗೆ ಹೊಂದಿಕೊಂಡೇ ಅಕ್ಕನ ಶೈಲಿ ಬೆಳೆಯಿತು. ಬೇರೆ ಗಿಟಾರಿನವರು ಒಂದು ಉಸಿರಿಗೆ ಮಳೆ ಸುರಿದಂತೆ ಸ್ವರ ಸುರಿಯುತ್ತಿದ್ದ ಕಾಲ ಅದು. ಅಕ್ಕ ದಪ್ಪ ತಂತಿಗಳನ್ನು ಹಾಕಿಕೊಂಡು, ಒಂದೊಂದೇ ಸ್ವರವನ್ನು ಬೆರಳಿನಿಂದ ತಳ್ಳಿ ಬಗ್ಗಿಸಿ, ಅದು ನರಳುವವರೆಗೂ ಹಿಡಿಯುತ್ತಿದ್ದಳು. ಮೀಟುವಾಗ ಸದ್ದಿನ ಗುಂಡಿಯನ್ನು ಸೊನ್ನೆಗೆ ಇಳಿಸಿ, ಆಮೇಲೆ ಕಿರುಬೆರಳಿನಿಂದ ತಿರುಗಿಸುತ್ತಿದ್ದಳು. ಸ್ವರ ಎಲ್ಲಿಂದಲೋ ನಡೆದು ಬಂದಂತೆ ಬರುತ್ತಿತ್ತು. ಆಮೇಲೆ ಕೈ ಎತ್ತುವಳು. ಮೌನ. ‘ಟಿಣ್’ಗೆ ಸರಿಯಾಗಿ ಮತ್ತೆ ಇಳಿಯುವಳು. ನಾನು ಕೋಲಿನಲ್ಲಿ ಎಣಿಕೆ ಕೊಡುವುದನ್ನೇ ಬಿಟ್ಟೆ. ನಮ್ಮ ಬ್ಯಾಂಡಿನ ತಾಳ ನನ್ನ ಕೈಯಲ್ಲಿ ಇರಲಿಲ್ಲ.

ಕಾಲೇಜು ಸಭಾಂಗಣ, ಕಾರ್ಖಾನೆಯ ವಾರ್ಷಿಕೋತ್ಸವ, ಹೋಟೆಲಿನ ನೆಲಮಾಳಿಗೆ, ಹೀಗೆ ಸುತ್ತಿ ಸುತ್ತಿ ಹೆಸರಾಯಿತು. ಧ್ವನಿಮುದ್ರಣಕ್ಕೆ ಕರೆದರು. ಅಲ್ಲಿನ ಎಂಜಿನಿಯರ್ ಸ್ವರದಲ್ಲಿ ಕೂದಲೆಳೆಯ ವ್ಯತ್ಯಾಸವನ್ನೂ ಹಿಡಿಯುವ ಮನುಷ್ಯ. ಗಾಜಿನ ಆಚೆಯಿಂದ ಮೈಕಿನಲ್ಲಿ ಹೇಳಿದರು: “ಮೇಡಂ, ನಿಮ್ಮ ಪಿಕಪ್ಪಿಗೆ ಮೇಣ ಹಾಕಿಲ್ಲ ಅನ್ಸುತ್ತೆ. ಏನೋ ಗೊಣಗ್ತಿದೆ. ಬಿಚ್ಚಿ ಕೊಡಿ, ನಾನೇ ಅದ್ದಿ ತರ್ತೀನಿ.”

“ಬೇಡ ಸಾರ್. ರೆಕಾರ್ಡ್ ಮಾಡಿ ನೋಡಿ, ಕೇಳಿಸಿದ್ರೆ ಆಮೇಲೆ ನೋಡೋಣ.”

ಮುದ್ರಣ ಮಾಡಿ ಹಿಂದಕ್ಕೆ ತಿರುಗಿಸಿ ಹಾಕಿದರು. ಅಕ್ಕನ ಸ್ವರಗಳೆಲ್ಲ ಇದ್ದವು. ನಡುವಿನ ಮೌನದಲ್ಲಿ ಗೊಣಗು ಇಲ್ಲ, ಗುಂಯ್ ಎನ್ನುವ ಸದ್ದು ಕೂಡ ಇಲ್ಲ. ಎಂಜಿನಿಯರ್ ಮೂರು ಸಲ ಕೇಳಿದರು, ಎದ್ದು ಹೋಗಿ ಕೇಬಲ್ಲುಗಳನ್ನು ಮುಟ್ಟಿ ನೋಡಿದರು. “ಖಾಲಿ ಕೋಣೇಲೂ ಏನಾದ್ರೂ ಸದ್ದಿರುತ್ತೆ,” ಎಂದರು. “ಇಲ್ಲಿ ಏನೂ ಇಲ್ಲ. ಅಷ್ಟು ಭಾಗ ಯಾರೋ ಕತ್ತರಿಸಿ ಒಯ್ದ ಹಾಗಿದೆ.” ಆ ಧ್ವನಿಮುದ್ರಿಕೆಯೇ ಅಕ್ಕನಿಗೆ ದೊಡ್ಡ ಹೆಸರು ತಂದದ್ದು. ಗಿಟಾರ್ ಕಲಿಯುವವರು ಇವತ್ತಿಗೂ ಅದನ್ನು ಹಾಕಿಕೊಂಡು ಅವಳ ಮೌನಗಳನ್ನು ಅಳೆಯುತ್ತಾರಂತೆ.

ಆಮೇಲೆ ಊರೂರು ಸುತ್ತುವ ದೊಡ್ಡ ಬ್ಯಾಂಡೊಂದರ ಗಾಯಕ ಬಂದು ಅಕ್ಕನನ್ನು ಕರೆದ. ಅವಳು ನನ್ನನ್ನೂ ಜೊತೆಗೆ ಹಾಕಿಕೊಂಡಳು; ಗಡ್ಡ ಹೆಂಡತಿ ಮಗಳನ್ನು ಬಿಟ್ಟು ಬರಲಾರೆ ಎಂದು ಟೈರ್ ಅಂಗಡಿಯ ಮೇಲೆಯೇ ಉಳಿದ. ಸಭಾಂಗಣಗಳು ಹಿಗ್ಗಿದಂತೆ ಅಕ್ಕ ಕುಗ್ಗಿದಳು. ಹೋಟೆಲಿನ ಕೋಣೆಗೆ ಬಂದ ಊಟದ ತಟ್ಟೆ ಮುಟ್ಟದೆ ವಾಪಸು ಹೋಗುತ್ತಿತ್ತು. ಹಗಲಿಡೀ ಸಣ್ಣ ಆಂಪ್ಲಿಫೈಯರಿಗೆ ಗಿಟಾರ್ ಸಿಕ್ಕಿಸಿ, ನುಡಿಸದೆ, ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ನಾನು ಬಾಗಿಲು ತಟ್ಟಿದರೆ ಒಳಗಿಂದ ಉತ್ತರ ಬರುತ್ತಿರಲಿಲ್ಲ. ಕೈ ಎತ್ತಿರುತ್ತಾಳೆ ಎಂದು ಗೊತ್ತಾಗುತ್ತಿತ್ತು.

“ಎಷ್ಟು ನೂರಾಯ್ತೋ ಯಾರಿಗೆ ಗೊತ್ತು,” ಎಂದಳು ಒಮ್ಮೆ, ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡು. “ಅಂದಾಜಲ್ಲಿ ಸುತ್ತಿದವಳು ನಾನು. ಅಪ್ಪನಿಗೆ ಬೇಕಾದಷ್ಟು ಸುತ್ತು ಆ ಸುರುಳೀಲಿ ಇಲ್ವೇನೋ. ಅದಕ್ಕೇ ಮುಗೀತಿಲ್ಲ.”

ಒಂದು ಕಾರ್ಯಕ್ರಮದಲ್ಲಿ ಅವಳು ಕೈ ಎತ್ತಿದವಳು ಇಳಿಸಲೇ ಇಲ್ಲ. ಒಂದು ‘ಟಿಣ್’ ಆಯಿತು, ಎರಡಾಯಿತು. ಮೊದಲು ಸಭೆ ರೋಮಾಂಚನದಿಂದ ಕಾಯಿತು, ಆಮೇಲೆ ಕೆಮ್ಮಿತು, ಆಮೇಲೆ ಯಾರೋ ಸಿಳ್ಳೆ ಹಾಕಿದರು. ಗಾಯಕ ನನ್ನ ಕಡೆ ತಿರುಗಿ ಕಣ್ಣು ಕೆಕ್ಕರಿಸಿದ. ನಾನು ಹೆದರಿ ಬಾರಿಸಿದೆ. ಅಕ್ಕ ಬೆಚ್ಚಿಬಿದ್ದು ತಿರುಗಿದಳು. ಕಾರ್ಯಕ್ರಮದ ನಡುವೆ ಅವಳ ಮುಖವನ್ನು ನಾನು ನೋಡಿದ್ದು ಅದೊಂದೇ ಸಲ. ಅದು ಅಕ್ಕನ ಮುಖದ ಹಾಗಿರಲಿಲ್ಲ. ಲೆಕ್ಕ ತಪ್ಪಿಸಿದವರ ಮೇಲೆ ಸಿಟ್ಟಾದ ಅಪ್ಪನ ಮುಖವಾಗಿತ್ತು.

ಮಾರನೆಯ ದಿನವೇ ನಾನು ಹೋಗಿ ಅಮ್ಮನನ್ನು ಕರೆದುಕೊಂಡು ಬಂದೆ. ಅಮ್ಮ ಅದುವರೆಗೆ ನಮ್ಮ ಒಂದು ಕಾರ್ಯಕ್ರಮಕ್ಕೂ ಬಂದವಳಲ್ಲ. “ನಿಮ್ಮ ಗದ್ದಲ ಕೇಳಿದ್ರೆ ನನ್ನ ಹಲ್ಲೆಲ್ಲ ಜುಂ ಅನ್ನುತ್ತೆ,” ಎನ್ನುತ್ತಿದ್ದಳು. ನಾನು ದಾರಿಯುದ್ದಕ್ಕೂ ಹೇಳಿದ್ದನ್ನು ಅವಳು ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಮಧ್ಯಾಹ್ನದ ಹೊತ್ತು, ಸಭಾಂಗಣದಲ್ಲಿ ಸಂಜೆಯ ಕಾರ್ಯಕ್ರಮಕ್ಕೆ ಸದ್ದು ಸರಿಹೊಂದಿಸುವ ಸೌಂಡ್ ಚೆಕ್ ನಡೆದಿತ್ತು. ಖಾಲಿ ಕುರ್ಚಿಗಳ ಸಾಲು, ನೆಲಕ್ಕೆ ಟೇಪು ಅಂಟಿಸುವ ಕೆಲಸದವರು, ಏಣಿಯ ಮೇಲೆ ದೀಪದವನು. ಅಮ್ಮ ಮುಂದಿನ ಸಾಲಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅಕ್ಕ ಅವಳನ್ನು ನೋಡಲಿಲ್ಲ. ನಾಲ್ಕು ಸ್ವರ ನುಡಿಸಿ ಕೈ ಎತ್ತಿದಳು. ಕೆಲಸದವರೂ ಅಭ್ಯಾಸಬಲದಿಂದ ಹಾಗೇ ನಿಂತರು.

ನಲವತ್ತೊಂದು. ನಲವತ್ತೆರಡು.

ಅಮ್ಮ ಎದ್ದಳು. ಮೆಟ್ಟಿಲೇರಿ ಬಂದು, ಅಕ್ಕನನ್ನು ದಾಟಿ, ನೇರ ಆಂಪ್ಲಿಫೈಯರಿನ ಮುಂದೆ ಹೋಗಿ ನಿಂತಳು. ಅಂಗಡಿಯ ನಡುಬಾಗಿಲಲ್ಲಿ ನಿಲ್ಲುತ್ತಿದ್ದ ಹಾಗೆಯೇ.

“ರೀ,” ಎಂದಳು. “ಸಾಕು ಎದ್ದೇಳಿ. ನಿಮ್ಮ ಮಗಳು ಊಟ ಬಿಟ್ಟು ಒಣಗಿ ಹೋಗಿದ್ದಾಳೆ. ಅವತ್ತು ಎರಡನೇ ಸಲ ಕರೀಲಿಲ್ಲ ನಾನು. ಈಗ ಕರೀತಿದ್ದೀನಿ.”

ಎಣಿಕೆ ನಿಂತಿತು. ಏಣಿಯ ಮೇಲಿನವನು ಕೂಡ ಕೆಳಗೆ ನೋಡಿದ. ಆಂಪ್ಲಿಫೈಯರಿನ ಒಳಗಿನಿಂದ ನಾಲಗೆ ಲೊಚಗುಟ್ಟಿದ ಸದ್ದು ಬಂತು, ಬೇಸರದಿಂದ. ಆಮೇಲೆ, ನಿಧಾನವಾಗಿ,

ಒಂದು.

ಎರಡು.

ಅಮ್ಮ ಅಲ್ಲೇ ಡ್ರಮ್ಮಿನ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. “ಅಯ್ಯೋ, ನಾನೇ ಲೆಕ್ಕ ತಪ್ಪಿಸಿಬಿಟ್ನಲ್ಲೋ,” ಎಂದಳು. ಅಕ್ಕ ನಕ್ಕಳು, ನಗುತ್ತ ನಗುತ್ತಲೇ ಬಿಕ್ಕಳಿಸಿದಳು. ಗಿಟಾರನ್ನು ಕೊರಳಿನಿಂದ ತೆಗೆದು ನನ್ನ ಕೈಗೆ ಕೊಟ್ಟು ಅಮ್ಮನ ಚೀಲ ಬಿಚ್ಚಿ, ಅದರಲ್ಲಿದ್ದ ಬುತ್ತಿಯನ್ನು ವೇದಿಕೆಯ ಮೇಲೆಯೇ ಕೂತು ತಿಂದಳು. ಆ ಸಂಜೆ ಅವಳು ಬೇರೆಯವರ ಗಿಟಾರ್ ತೆಗೆದುಕೊಂಡು ನುಡಿಸಿದಳು. ಗಾಯಕನಿಗೆ ಮರುದಿನ ಬೆಳಿಗ್ಗೆ ಹೇಳಿ ನಾವು ಮೂವರೂ ಊರಿಗೆ ಬಂದೆವು.

ಮನೆಯಲ್ಲಿ ಮುಂದೇನು ಎಂಬ ಮಾತು ಬಂತು. ಮೇಣದಲ್ಲಿ ಅದ್ದಿದರೆ ಏನೂ ಕೇಳಿಸುವುದಿಲ್ಲ ಎಂದೆ ನಾನು. ಅಮ್ಮ ಪಾತ್ರೆ ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು.

“ಕೇಳಿಸಲ್ಲ ನಿಜ. ಆದ್ರೆ ಅವರು ಎಣಿಸೋದು ನಿಲ್ಲುತ್ತಾ, ನಮಗೆ ಕೇಳಿಸೋದು ಮಾತ್ರ ನಿಲ್ಲುತ್ತಾ?”

ಅಕ್ಕ ಎದ್ದು ಅಂಗಡಿಯ ದೀಪ ಹಾಕಿದಳು. “ಬಿಚ್ಚಿ ಮೊದಲಿಂದ ಸುತ್ತೋಣ,” ಎಂದಳು. “ಅವರು ಮಾಡ್ತಿದ್ದ ಹಾಗೇ.”

ಬೆಳಿಗ್ಗೆ ಕೆಲಸಕ್ಕೆ ಕೂತೆವು. ಮೊದಲು ಅಕ್ಕ ಸುತ್ತಿದ ತಂತಿ ಬಿಚ್ಚಿಕೊಂಡಿತು, ಆಮೇಲೆ ಬೆಸುಗೆಯ ಗಂಟು ಬಂತು, ಆಮೇಲೆ ಅಪ್ಪನದು. ಅದನ್ನು ಅವಳು ತುಂಡಾಗದ ಹಾಗೆ ಬಿಚ್ಚಿದಳು. ಎರಡನ್ನೂ ಪಕ್ಕಕ್ಕಿಟ್ಟು ಹೊಸ ತಂತಿಯ ತುದಿ ಸಿಕ್ಕಿಸಿದಳು. ನಾನು ಸುತ್ತುವ ಯಂತ್ರದ ಹಿಡಿ ತಿರುಗಿಸಿದೆ. ಅವಳು ಬೆರಳ ನಡುವೆ ತಂತಿ ಹಿಡಿದು ಗಟ್ಟಿಯಾಗಿ ಎಣಿಸಿದಳು. ಅಮ್ಮ ವಾಷರಿನ ಡಬ್ಬಿಗಳನ್ನು ಹಿಡಿದು ಕೂತಳು. ಮೇಜಿನ ತುದಿಯಲ್ಲಿ ಅಪ್ಪನ ಸ್ಟೂಲು ಇತ್ತು, ಯಾರೂ ಕೂರಲಿಲ್ಲ.

ಎಷ್ಟೋ ನೂರುಗಳಾದ ಮೇಲೆ, ಬಿಸಿಲು ಬಾಗಿಲಿನ ಒಳಗೆ ಬಂದ ಹೊತ್ತಿಗೆ, ಅಕ್ಕನ ನಾಲಗೆ ತೊಡರಿತು. ಎಪ್ಪತ್ತೋ ಎಂಬತ್ತೋ ತಿಳಿಯದೆ ಅವಳು ನಿಂತಳು. ನನ್ನ ಕೈ ಮಾತ್ರ ನಿಲ್ಲಲಿಲ್ಲ. ಹಿಡಿ ತಾನೇ ತಿರುಗುತ್ತಿದ್ದಂತಿತ್ತು, ನಾನು ಅದಕ್ಕೆ ನೇತುಬಿದ್ದಂತಿತ್ತು. ಸ್ವಲ್ಪ ಹೊತ್ತಿಗೆ ‘ಟಿಣ್’ ಎಂದಿತು. ಅಮ್ಮ ವಾಷರ್ ಹಾಕಿದ್ದಳು.

“ಅಮ್ಮಾ, ನೂರಾಯ್ತು ಅಂತ ಹೇಗೆ ಗೊತ್ತಾಯ್ತು? ನಾನು ಎಣಿಸೋದು ನಿಲ್ಲಿಸಿದೀನಿ.”

“ನಾನು ನಿನ್ನ ಎಣಿಕೆ ಕೇಳ್ತಿಲ್ಲ ಕಣೆ,” ಎಂದಳು ಅಮ್ಮ, ಸ್ಟೂಲಿನ ಕಡೆಯಿಂದ ಕಣ್ಣು ತೆಗೆಯದೆ. “ಅವರ ತುಟಿ ನೋಡ್ಕೊಂಡು ಹಾಕ್ತಿದೀನಿ. ಮಾತಾಡ್ಬೇಡ, ಸುತ್ತು.”

ಅಕ್ಕ ಮತ್ತೆ ಬಾಯಿ ತೆರೆಯಲಿಲ್ಲ. ನಾನು ಸ್ಟೂಲಿನ ಕಡೆ ನೋಡಲಿಲ್ಲ. ನೋಡುವ ಧೈರ್ಯ ಈಗಲೂ ಇಲ್ಲ. ಡಬ್ಬಿಯ ವಾಷರುಗಳು ಒಂದೊಂದಾಗಿ ಬೀಳುತ್ತ ಹೋದವು. ಸುರುಳಿ ತುಂಬಿದ ಮೇಲೆ ಅಮ್ಮ ಕೈ ಎತ್ತಿ, “ಆಯ್ತಂತೆ,” ಎಂದಳು. ಅಕ್ಕ ತಂತಿ ಕತ್ತರಿಸಿದಳು. ಮೇಣ ಕಾಯಿಸಿ, ಈ ಸಲ ತಡಮಾಡದೆ ಅದ್ದಿದಳು. ಗಿಟಾರಿಗೆ ಕೂರಿಸಿ ಆಂಪ್ಲಿಫೈಯರಿಗೆ ಸಿಕ್ಕಿಸಿದಾಗ ಬರಿಯ ಗುಂಯ್ ಎನ್ನುವ ಸದ್ದು ಬಂತು, ಊರಿನ ಎಲ್ಲ ಆಂಪ್ಲಿಫೈಯರುಗಳ ಹಾಗೆ.

ಅಕ್ಕ ದೊಡ್ಡ ಬ್ಯಾಂಡಿಗೆ ಹಿಂದಿರುಗಲಿಲ್ಲ. ಟೈರ್ ಅಂಗಡಿಯ ಮೇಲೆ ಗಡ್ಡನ ಜೊತೆ ಮತ್ತೆ ಶುರುಮಾಡಿದೆವು. ಅವಳ ವಾದನ ಪೂರ್ತಿ ಬದಲಾಯಿತು. ತೆಳ್ಳಗಿನ ತಂತಿ ಹಾಕಿದಳು, ಸ್ವರದ ಮೇಲೆ ಸ್ವರ ಪೇರಿಸಿದಳು, ನಿಲ್ಲದೆ ನುಡಿಸಿದಳು. ಹಳೆಯ ಅಭಿಮಾನಿಗಳು ಮುಖ ಸಿಂಡರಿಸಿದರು. ‘ತಂತಿ ಅಕ್ಕನ ಮೌನ ಎಲ್ಲಿ ಹೋಯಿತು?’ ಎಂದು ಪತ್ರಿಕೆಯೊಂದು ಬರೆಯಿತು. ಅವಳು ಅದನ್ನು ಓದಿ, ಕಾಗದವನ್ನು ಮೇಜಿನ ಎಣ್ಣೆ ಒರೆಸಲು ಬಳಸಿದಳು. ನನಗಂತೂ ಕಷ್ಟಕಾಲ ಬಂತು: ಪ್ರತಿ ಹಾಡಿಗೂ ನಾನೇ ಎಣಿಕೆ ಕೊಡಬೇಕಾಯಿತು, ಅಭ್ಯಾಸ ತಪ್ಪಿಹೋಗಿತ್ತು. ಗಡ್ಡನ ಕೈಯಲ್ಲಿ ಬೈಸಿಕೊಂಡೆ.

ಅಮ್ಮ ತೀರಿಹೋದ ಮರುವರ್ಷ ಆ ಎಂಜಿನಿಯರ್ ಫೋನ್ ಮಾಡಿದರು. ಹಳೆಯ ಮುದ್ರಿಕೆಯನ್ನು ಮತ್ತೆ ಹೊರತರುವ ಕೆಲಸ ನಡೆದಿತ್ತು. ಅವರ ದನಿ ಸರಿಯಿರಲಿಲ್ಲ.

“ಮೇಡಂ, ಒಂದು ವಿಷಯ. ಆ ಟೇಪು ನಮ್ಮ ಬೀರೂನಲ್ಲೇ ಇತ್ತು, ಯಾರೂ ಮುಟ್ಟಿಲ್ಲ. ಮೂರನೇ ಹಾಡಿನ ಮೌನದಲ್ಲಿ ಈಗ ಒಂದು ಸದ್ದಿದೆ. ಸ್ಟೂಲೋ ಏನೋ ಹಿಂದಕ್ಕೆ ತಳ್ಳಿ ಯಾರೋ ಏಳ್ತಾರೆ. ಆಮೇಲೆ ಹೆಜ್ಜೆ ಸದ್ದು, ಇಬ್ಬರದ್ದು. ದೂರ ಹೋಗುತ್ತೆ. ನಾನು ಅಳಿಸಿಬಿಡ್ಲಾ?”

ಅಕ್ಕ ರಿಸೀವರನ್ನು ಕಿವಿಗೆ ಒತ್ತಿಕೊಂಡಳು. “ಬೇಡ ಸಾರ್, ಇರ್ಲಿ ಬಿಡಿ,” ಎಂದಳು.

ಈಚೆಗೆ ಮಣಿಕಟ್ಟಿನ ನೋವಿನಿಂದ ಅವಳು ವೇದಿಕೆ ಹತ್ತುವುದನ್ನು ಬಿಟ್ಟಿದ್ದಾಳೆ. ಅಂಗಡಿ ನಡೆಯುತ್ತಿದೆ. ಗಿಟಾರನ್ನು ಗಡ್ಡನ ಮಗಳಿಗೆ ಕೊಟ್ಟಳು. ಆ ಹುಡುಗಿ ಅದನ್ನು ಸಿಕ್ಕಾಪಟ್ಟೆ ಜೋರಾಗಿ ನುಡಿಸುತ್ತಾಳೆ. ಹೋದ ವಾರ ಅವಳ ಕಾರ್ಯಕ್ರಮಕ್ಕೆ ನಾವಿಬ್ಬರೂ ಹೋಗಿ ಕೊನೆಯ ಸಾಲಿನಲ್ಲಿ ಕೂತೆವು. ಅರ್ಧದಲ್ಲೇ ಅಕ್ಕ ಕಿವಿಗೆ ಹತ್ತಿ ತುರುಕಿಕೊಂಡು ನನ್ನ ಕಡೆ ಬಾಗಿ, “ಇವಳಿಗೆ ಸ್ವಲ್ಪ ಸದ್ದು ಇಳಿಸಕ್ಕೆ ಹೇಳೋ, ನನ್ನ ಹಲ್ಲೆಲ್ಲ ನೋಯ್ತಿದೆ,” ಎಂದಳು. ನಾನು ಹೇಳಲು ಎದ್ದು ಹೋದೆ.